ಉದ್ಯಮಬಾಗಿಗೆ ಬಂದ ಲಂಗರಿನ ಸರಪಳಿ

“ಮೋಟರ್ ತಿರಗತೈತ್ರಿ ಕಾಕಾ, ಸರಪಳಿ ಮಾತ್ರ ಮ್ಯಾಲ ಬರೂದಿಲ್ಲ. ಈ ಕ್ಲಚ್ ಒಂದೀಟು ನೋಡ್ರಿ. ಬಿಗಿ ಹಿಡಿಯೂಹಂಗ ಮಾಡಿಕೊಟ್ರ ಸಾಕು.”

“ಬಿಗಿ ಮಾಡೂದು ಆಮ್ಯಾಗ. ಮೊದಲ ಹೇಳು, ಏನೇನು ತಿರಗತಿತ್ತು, ಏನು ನಿಂತಿತ್ತು?”

ಪ್ರಶ್ನೆ ಕೇಳಿದವರು ಬೆಳಗಾವಿಯ ಉದ್ಯಮಬಾಗಿನಲ್ಲಿ ಸಣ್ಣದೊಂದು ಮಷೀನ್ ಶಾಪ್ ನಡೆಸುವ ಹಿರಿಯರು. ಉತ್ತರ ಹೇಳಬೇಕಾದವನು ಖಾನಾಪುರದ ತರುಣ. ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ನಿಲ್ಲುವ ಖಾಸಗಿ ಹಾಯಿದೋಣಿಯೊಂದನ್ನು ನೋಡಿಕೊಳ್ಳುವುದು ಅವನ ಕೆಲಸ. ಮಾಲೀಕರು ರಜೆಗೆ ಬಂದಾಗ ವಿಹಾರಕ್ಕೆ ಹೊರಡುವ, ಸುಮಾರು 12 ಮೀಟರ್ ಉದ್ದದ ದೋಣಿ. ಅದರ ಮೂತಿಯಲ್ಲಿ ಕುಳಿತು ಲಂಗರನ್ನು ಎತ್ತಿ ಇಳಿಸುವ ಯಂತ್ರಕ್ಕೆ ದೋಣಿಯವರು ವಿಂಡ್‌ಲಾಸ್ ಎನ್ನುತ್ತಾರೆ. ಅದರ ಒಳಗಿನ ಸಾಮಾನುಗಳನ್ನೂ ಒಂದು ಮೊಳದಷ್ಟು ಸರಪಳಿಯನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು ಅವನು ಊರಿಗೆ ಬಂದಿದ್ದ. ಊರಿನಿಂದ ಬೆಳಗಾವಿಗೆ ಬರುವಾಗ, ಖಾನಾಪುರ ರಸ್ತೆಯ ಮೇಲೇ ಸಿಗುವ ಉದ್ಯಮಬಾಗಿನಲ್ಲಿ ಇಳಿದಿದ್ದ.

ಸಮುದ್ರಕ್ಕೂ ಬೆಳಗಾವಿಗೂ ನಡುವೆ ಒಂದು ಘಟ್ಟವೂ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯೂ ಇವೆ. ಹೀಗಿದ್ದೂ ಆ ಹುಡುಗ ಗೋವಾ ಬಿಟ್ಟು ಇಲ್ಲಿಗೆ ಬಂದುದರಲ್ಲಿ ಅರ್ಥವಿದೆ. ಎರಕ, ಲೇಥ್, ಹೈಡ್ರಾಲಿಕ್ಸ್ ಈ ಮೂರೂ ಒಂದೇ ಬೀದಿಯಲ್ಲಿ ಸಿಗುವ ಊರುಗಳು ನಮ್ಮಲ್ಲಿ ಬಹಳವಿಲ್ಲ. 1957ರಲ್ಲಿ ಶುರುವಾದ ಬೆಮ್ಕೋ ಹೈಡ್ರಾಲಿಕ್ಸ್ ಇವತ್ತಿಗೂ ಇದೇ ಉದ್ಯಮಬಾಗಿನಲ್ಲಿದೆ. ಸುತ್ತಲಿನ ನೂರಾರು ಸಣ್ಣ ಶೆಡ್ಡುಗಳಲ್ಲಿ ಪಂಪು, ವಾಲ್ವು, ಗೇರುಗಳಿಗೆ ಬೇಕಾದ ಭಾಗಗಳು ತಯಾರಾಗುತ್ತವೆ. ದೋಣಿಯ ಯಂತ್ರವೇ ಆಗಲಿ, ಅದರೊಳಗೆ ಇರುವುದು ಗೇರು, ಕೀ, ಟೇಪರು. ಅವು ಇಲ್ಲಿಯವರಿಗೆ ಹೊಸವೇನಲ್ಲ.

ಹಿರಿಯರ ಪ್ರಶ್ನೆಗೆ ಹುಡುಗ ಸ್ವಲ್ಪ ಯೋಚಿಸಿ ಉತ್ತರ ಕೊಟ್ಟ. ಕೆಲವೊಮ್ಮೆ ನಡುವಿನ ಶಾಫ್ಟು ತಿರುಗುತ್ತದೆ, ಸರಪಳಿ ಹಿಡಿಯುವ ಹಲ್ಲಿನ ಗಾಲಿ ನಿಂತುಬಿಡುತ್ತದೆ. ಕೆಲವೊಮ್ಮೆ ಗಾಲಿಯೂ ತಿರುಗುತ್ತದೆ, ಸರಪಳಿ ಮಾತ್ರ ಟಕ್ ಟಕ್ ಎಂದು ಅದರ ಮೇಲೆ ಜಿಗಿಯುತ್ತದೆ.

“ಹಂಗಾದ್ರ ನಿನ್ನ ಹತ್ರ ಎರಡು ರೋಗ ಅದಾವು. ನೀ ಒಂದಕ್ಕ ಔಷಧ ಕೇಳಾಕ ಬಂದೀಯಿ.”

ಇಡೀ ದುರಸ್ತಿಯ ತಿರುಳು ಈ ಮಾತಿನಲ್ಲಿದೆ. ಬ್ಯಾಟರಿಯಿಂದ ಮೋಟರಿಗೆ, ಮೋಟರಿನಿಂದ ಗೇರ್‌ಬಾಕ್ಸಿಗೆ, ಅಲ್ಲಿಂದ ಶಾಫ್ಟಿಗೆ, ಶಾಫ್ಟಿನಿಂದ ಕ್ಲಚ್ಚಿನ ಮೂಲಕ ಗಾಲಿಗೆ, ಗಾಲಿಯಿಂದ ಸರಪಳಿಗೆ, ಹೀಗೆ ಕೈಯಿಂದ ಕೈಗೆ ದಾಟುತ್ತ ಚಲನೆ ಲಂಗರನ್ನು ಮುಟ್ಟುತ್ತದೆ. ಎಲ್ಲಿಯವರೆಗೆ ತಿರುಗುತ್ತಿದೆ, ಎಲ್ಲಿಂದ ಮುಂದೆ ನಿಂತಿದೆ ಎಂದು ಕಣ್ಣಿಟ್ಟು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಮೋಟರು ಗುಂಯ್‌ಗುಟ್ಟಿಯೂ ಶಾಫ್ಟು ಅಲುಗದಿದ್ದರೆ ಒಳಗಿನ ಕೀ ಕತ್ತರಿಸಿರಬಹುದು, ಇಲ್ಲವೇ ಗೇರು ಸವೆದಿರಬಹುದು. ಶಾಫ್ಟು ತಿರುಗಿಯೂ ಗಾಲಿ ನಿಂತಿದ್ದರೆ ಕ್ಲಚ್ಚು. ಗಾಲಿ ತಿರುಗಿಯೂ ಸರಪಳಿ ಜಿಗಿದರೆ ಆ ಎರಡರ ನಡುವಿನ ಜಗಳ. ಇದಕ್ಕೆ ಉಪಕರಣ ಬೇಡ, ಶಾಫ್ಟಿನ ಮೇಲೂ ಗಾಲಿಯ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದು ಸ್ವಿಚ್ ಒತ್ತಿದರಾಯಿತು. ದೋಣಿಗಳಲ್ಲಿ ಈ ಒಂದು ನಿಮಿಷದ ಕೆಲಸ ಬಿಟ್ಟು, ಹಿಡಿಕೆ ಹಾಕಿ ಕ್ಲಚ್ಚಿನ ನಟ್ಟನ್ನು ಬಿಗಿಯುವುದೇ ರೂಢಿಯಾಗಿದೆ. ಆ ರೂಢಿಯಿಂದ ಹಾಳಾದ ಯಂತ್ರಗಳೇ ಹೆಚ್ಚು.

ಹಿರಿಯರು ಮೊದಲು ಎತ್ತಿಕೊಂಡದ್ದು ಸರಪಳಿಯನ್ನು. ಹುಡುಗನಿಗೆ ಆಶ್ಚರ್ಯ.

“ಸರಪಳಿ ಹೊಸಾದು ಐತ್ರಿ ಕಾಕಾ. ಹಳೇದು ತುಕ್ಕು ಹಿಡದಿತ್ತು ಅಂತ ಹ್ವಾದ ಸೀಜನ್ನಿಗೆ ತರಿಸ್ಯಾರ. ಹತ್ತು ಮಿಲಿಮೀಟರ್ ಇತ್ತು, ಹತ್ತ ತಂದೇವಿ.”

“ಹತ್ತು ಅಂದ್ರ ಯಾವುದು? ಸರಳಿನ ದಪ್ಪ. ಕೊಂಡಿ ಎಷ್ಟು ಉದ್ದ ಐತಿ ಅಂತ ಯಾರರೆ ಅಳದ್ರೇನು?”

ಯಾರೂ ಅಳೆದಿರಲಿಲ್ಲ. ಹಿರಿಯರು ಸರಪಳಿಯನ್ನು ಮೇಜಿನ ಮೇಲೆ ಎಳೆದು ಚಾಚಿ, ಹತ್ತು ಕೊಂಡಿಗಳನ್ನು ಎಣಿಸಿ, ಮೊದಲ ಕೊಂಡಿಯ ಹೊರ ಅಂಚಿನಿಂದ ಹತ್ತನೆಯದರ ಹೊರ ಅಂಚಿನವರೆಗೆ ಸ್ಟೀಲ್ ಸ್ಕೇಲು ಇಟ್ಟರು. 320 ಮಿಲಿಮೀಟರ್. ಎರಡು ತುದಿಯ ಸರಳಿನ ದಪ್ಪ 20 ಕಳೆದರೆ 300. ಅಂದರೆ ಒಂದು ಕೊಂಡಿಯ ಒಳ ಉದ್ದ 30 ಮಿಲಿಮೀಟರ್. ಈ ಅಳತೆಗೆ ಪಿಚ್ ಎಂದು ಹೆಸರು.

ದೋಣಿಯ ಲಂಗರಿಗೆ ಹಾಕುವ ಅಳತೆಬದ್ಧ ಸರಪಳಿಗಳಲ್ಲಿ ಎರಡು ಮಾನದಂಡಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಜರ್ಮನಿಯ ಡಿಐಎನ್ 766ರ ಪ್ರಕಾರ 10 ಮಿಲಿಮೀಟರ್ ಸರಪಳಿಯ ಪಿಚ್ 28. ಅಂತರರಾಷ್ಟ್ರೀಯ ಐಎಸ್‌ಒ 4565ರ ಪ್ರಕಾರ ಅದೇ 10 ಮಿಲಿಮೀಟರ್ ಸರಪಳಿಯ ಪಿಚ್ 30. ಎಂಟು ಮಿಲಿಮೀಟರಿನ ಸರಪಳಿಗೆ ಈ ತಾಪತ್ರಯವಿಲ್ಲ, ಎರಡರಲ್ಲೂ ಪಿಚ್ 24. ಸಣ್ಣ ದೋಣಿಯಲ್ಲಿ ಕೆಲಸ ಕಲಿತು ದೊಡ್ಡ ದೋಣಿಗೆ ಬಂದವರು ದಪ್ಪವನ್ನಷ್ಟೇ ಹೇಳಿ ಸರಪಳಿ ಕೊಂಡು ಮೋಸ ಹೋಗುವುದು ಇಲ್ಲಿಯೇ.

ಇನ್ನು ಗಾಲಿ. ಇದನ್ನು ದೋಣಿಯವರು ಜಿಪ್ಸಿ ಎನ್ನುತ್ತಾರೆ. ಅಂಚಿನುದ್ದಕ್ಕೂ ಕೊಂಡಿಗಳು ಕೂರಲು ಗುಳಿಗಳಿರುತ್ತವೆ, ಒಂದು ಕೊಂಡಿ ಮಲಗಿ ಕೂತರೆ ಮುಂದಿನದು ನಿಂತು ಕೂರುತ್ತದೆ. ಹಿರಿಯರು ಮೂಲೆಯಲ್ಲಿ ತೂಗುತ್ತಿದ್ದ ಚೈನ್ ಬ್ಲಾಕಿನ ಕಡೆ ಕೈ ತೋರಿಸಿದರು. ಎಂಜಿನ್ ಎತ್ತಲು, ಭಾರದ ಜಾಬನ್ನು ಲೇಥಿಗೆ ಏರಿಸಲು ಎಲ್ಲ ವರ್ಕ್‌ಶಾಪಿನಲ್ಲೂ ಇರುವ ಸಾಧನ ಅದು. ಅದರ ಒಳಗಿರುವುದೂ ಇದೇ ಗುಳಿಗಾಲಿ.

“ಇದಕ್ಕ ಬಜಾರದಾಗಿನ ಸಿಕ್ಕ ಸರಪಳಿ ಹಾಕಿದ್ರ ಏನಾಗತೈತಿ? ಭಾರ ತಲಿ ಮ್ಯಾಲ ಬೀಳತೈತಿ. ಅದಕ್ಕ ನಾವು ಕಂಪನಿ ಕೊಟ್ಟ ಚೈನ್ ಬಿಟ್ಟು ಬ್ಯಾರೇದು ಹಾಕೂದ ಇಲ್ಲ. ನಿಮ್ಮ ದೋಣ್ಯಾಗ ಮಾತ್ರ ಯಾಕ ಹಾಕ್ತೀರಿ?”

ಹುಡುಗ ಕೊಂಡಿಗಳನ್ನು ತಾನೇ ಗಾಲಿಯ ಮೇಲೆ ಕೂರಿಸಿ ನೋಡಿದ. ಮೊದಲ ಎರಡು ಚೆನ್ನಾಗಿ ಕೂತವು. ಮೂರನೆಯದು ಗುಳಿಯ ಅಂಚಿಗೆ ಒರಗಿತು. ಐದನೆಯದು ಹಲ್ಲಿನ ನೆತ್ತಿಯ ಮೇಲೆಯೇ ನಿಂತಿತು. ಕೊಂಡಿಗೆ 2 ಮಿಲಿಮೀಟರಿನಂತೆ ಐದು ಕೊಂಡಿಗೆ 10 ಮಿಲಿಮೀಟರ್, ಅಂದರೆ ಸರಿಯಾಗಿ ಒಂದು ಸರಳಿನ ದಪ್ಪದಷ್ಟು ವ್ಯತ್ಯಾಸ. ಜಿಪ್ಸಿಯ ಪಕ್ಕದಲ್ಲಿ ತಯಾರಕರು ಕೆತ್ತಿದ ಒಂದು ಸಂಖ್ಯೆ ಇತ್ತು. ಉಪ್ಪು ಕಟ್ಟಿ ಮುಚ್ಚಿಹೋಗಿದ್ದ ಅದನ್ನು ಹಿರಿಯರು ಸೀಮೆಎಣ್ಣೆ ಹಾಕಿ ಉಜ್ಜಿ ಓದಿದರು. ಹುಡುಗ ಫೋನಿನಲ್ಲಿ ಯಂತ್ರದ ಕೈಪಿಡಿ ತೆಗೆದು ಹೊಂದಿಸಿ ನೋಡಿದ. ಅದು 28ರ ಪಿಚ್ಚಿನ ಗಾಲಿ.

“ಹಂಗಾದ್ರ ಸರಪಳಿ ಬದಲಿಸಿದ ದಿನಾನ ಇದು ಶುರು ಆಗೇತ್ರಿ.”

“ಹೌದು. ಮ್ಯಾಲಿಂದ ಮ್ಯಾಲ ಜಿಗದಾಗ ನೀವೇನು ಮಾಡಿದ್ರಿ?”

“ಕ್ಲಚ್ ಬಿಗಿ ಮಾಡಿದ್ವಿ.”

ಮಾತು ಇಲ್ಲಿ ಕೊಂಚ ಹೊತ್ತು ಬೇರೆಡೆಗೆ ಹೊರಳಿತು. ಹೊರಳಿಸಿದವನು ಹುಡುಗನೇ. ತನ್ನ ಊರಿನ ನೀರಿನ ಮೇಲೇ ತಾನು ದುಡಿಯುತ್ತಿದ್ದೇನೆಂಬ ಹೆಮ್ಮೆ ಅವನಿಗಿದೆ, ಅದು ನ್ಯಾಯವಾದ ಹೆಮ್ಮೆ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಎರಡು ನದಿಗಳು ಹುಟ್ಟಿ ಎರಡು ದಿಕ್ಕಿಗೆ ಹೋಗುತ್ತವೆ. ಕಣಕುಂಬಿಯ ಮಲಪ್ರಭೆ ಖಾನಾಪುರ ಪಟ್ಟಣ ದಾಟಿ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಭೀಮಗಡದ ಕಾಡಿನ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡವಿಯಾಗಿ ಪಣಜಿಯ ಬಳಿ ಅರಬ್ಬಿ ಸಮುದ್ರಕ್ಕೆ ಬೀಳುತ್ತಾಳೆ. ಆ ನದಿಯ ಹೆಸರನ್ನೇ ಭಾರತೀಯ ನೌಕಾಪಡೆ ತನ್ನ ಹಾಯಿದೋಣಿಗೆ ಇಟ್ಟಿತು. ಗೋವಾದ ದಿವಾಡಿ ದ್ವೀಪದಲ್ಲಿ ಕಟ್ಟಿದ ಐಎನ್‌ಎಸ್‌ವಿ ಮ್ಹಾದೇಯಿ 2009ರಲ್ಲಿ ಪಡೆಗೆ ಸೇರಿತು. ಅದೇ ದೋಣಿಯಲ್ಲಿ ದಿಲೀಪ್ ದೋಂದೆ 2009-10ರಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ ಬಂದರು, 2012-13ರಲ್ಲಿ ಅಭಿಲಾಷ್ ಟೋಮಿ ಎಲ್ಲಿಯೂ ನಿಲ್ಲದೆ ಸುತ್ತಿದರು. ಖಾನಾಪುರದ ಕಾಡಿನ ಹೊಳೆಯ ಹೆಸರು ಕೇಪ್ ಹಾರ್ನ್ ದಾಟಿ ಬಂದ ಸಂಗತಿ ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕಾದದ್ದು.

ಹಿರಿಯರು ಅದನ್ನೆಲ್ಲ ಪ್ರೀತಿಯಿಂದ ಕೇಳಿಸಿಕೊಂಡರು. ಕೈ ಮಾತ್ರ ಕ್ಲಚ್ಚಿನ ಮೇಲೇ ಇತ್ತು.

ಕೋನ್ ಕ್ಲಚ್ ಸರಳವಾದ ಉಪಾಯ. ಜಿಪ್ಸಿಯ ಒಳಬದಿಯಲ್ಲಿ ಇಳಿಜಾರಾದ ಕುಳಿ, ಶಾಫ್ಟಿನ ಜೊತೆ ತಿರುಗುವ ಇಳಿಜಾರಾದ ಕೋನು. ನಟ್ಟು ಬಿಗಿದರೆ ಕೋನು ಕುಳಿಯೊಳಗೆ ಒತ್ತಿ ಎರಡೂ ಒಂದಾಗಿ ತಿರುಗುತ್ತವೆ. ಸಡಿಲಿಸಿದರೆ ಜಿಪ್ಸಿ ಸ್ವತಂತ್ರವಾಗಿ ತಿರುಗಿ, ಲಂಗರು ತನ್ನ ಭಾರಕ್ಕೇ ನೀರಿಗೆ ಇಳಿಯುತ್ತದೆ. ಲೇಥಿನ ಟೇಲ್‌ಸ್ಟಾಕಿನಲ್ಲಿ ಡ್ರಿಲ್ ಹಿಡಿಯುವ ಮೋರ್ಸ್ ಟೇಪರು ಇದರ ಬಂಧುವೇ. ಅದರ ಇಳಿಜಾರು ಬದಿಗೆ ಒಂದೂವರೆ ಡಿಗ್ರಿಯಷ್ಟೇ ಇರುವುದರಿಂದ ಒಮ್ಮೆ ಒತ್ತಿದರೆ ತಾನಾಗಿ ಬಿಡುವುದಿಲ್ಲ, ಹಿಂದಿನಿಂದ ತಳ್ಳಿಯೇ ಬಿಡಿಸಬೇಕು. ಕ್ಲಚ್ಚು ಹಾಗೆ ಕಚ್ಚಿಕೊಂಡರೆ ಲಂಗರು ತುರ್ತಿಗೆ ಇಳಿಯದು. ಆದ್ದರಿಂದ ಅದರ ಇಳಿಜಾರು ಹೆಚ್ಚು, ಹಿಡಿತವೆಲ್ಲ ನಟ್ಟಿನ ಒತ್ತಡದಿಂದಲೇ ಬರಬೇಕು.

“ಗ್ರೀಸ್ ಹಚ್ಚೀಯೇನು ಇದಕ?”

“ಇಲ್ರಿ. ಮೊದಲ ಜಾರತೈತಿ, ಗ್ರೀಸ್ ಹಚ್ಚಿದ್ರ ಇನ್ನ ಜಾರೂದಿಲ್ಲೇನ್ರಿ?”

“ಪುಸ್ತಕದಾಗ ಏನು ಬರದೈತಿ ಓದು.”

ಕೈಪಿಡಿಯಲ್ಲಿ ಸ್ಪಷ್ಟವಾಗಿತ್ತು: ಕೋನುಗಳನ್ನು ಒರೆಸಿ, ಸಮುದ್ರದ ಕೆಲಸಕ್ಕೆಂದೇ ಬರುವ ಗ್ರೀಸನ್ನು ತೆಳುವಾಗಿ ಸವರಬೇಕು. ಓದಿದವನಿಗೆ ನಂಬಿಕೆ ಬರಲಿಲ್ಲ. ಹಿರಿಯರು ವಿವರಿಸಿದರು. ಉಪ್ಪುನೀರಿನಲ್ಲಿ ಒಣಗಿದ ಲೋಹಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಕೆರೆದುಕೊಳ್ಳುತ್ತವೆ. ತೆಳುವಾದ ಲೇಪ ಹಿಡಿತವನ್ನು ಅಷ್ಟೇನೂ ತಗ್ಗಿಸದು, ಮೈಯನ್ನು ಕಾಯುತ್ತದೆ. ಮುದ್ದೆಮುದ್ದೆಯಾಗಿ ತುಂಬಿದರೆ ಮಾತ್ರ ತೊಂದರೆ.

ಆಮೇಲೆ ಅವರು ಕಪಾಟಿನಿಂದ ಪ್ರಷ್ಯನ್ ಬ್ಲೂ ಡಬ್ಬಿ ತೆಗೆದರು. ಕೋನಿನ ಮೈಗೆಲ್ಲ ನೀಲಿಯನ್ನು ತೆಳುವಾಗಿ ಸವರಿ, ಕುಳಿಯೊಳಗೆ ಕೂರಿಸಿ, ಒತ್ತಿ ತುಸು ತಿರುಗಿಸಿ ಹೊರತೆಗೆದರು. ಇಳಿಜಾರಿನ ಮೈಗಳು ಸರಿಯಾಗಿ ಕೂಡುತ್ತಿದ್ದರೆ ಕುಳಿಯ ಸುತ್ತಲೂ ನೀಲಿ ಹತ್ತಬೇಕಿತ್ತು. ಹತ್ತಿದ್ದು ಒಂದು ಅಂಚಿಗೆ, ಅದೂ ತುಂಡು ತುಂಡಾಗಿ. ಕೋನಿನ ಚಪ್ಪಟೆ ಮುಖದ ಮೇಲೆ ಮಾತ್ರ ಉಜ್ಜಿ ಹೊಳೆಯುವ ಒಂದು ಬಳೆ ಎದ್ದುಕಂಡಿತು.

“ಇಲ್ಲಿ ನೋಡು ತಮ್ಮಾ. ಕೋನ್ ಸವದು ಸವದು ತಳಾ ಹತ್ತೈತಿ. ನೀ ಎಷ್ಟು ನಟ್ ಬಿಗದ್ರೂ ಒತ್ತಡ ಈ ಮುಖದ ಮ್ಯಾಲ ಬೀಳತೈತಿ. ಇಳಿಜಾರಿಗೆ ಮುಟ್ಟೂದ ಇಲ್ಲ.”

ಹುಡುಗ ಆ ಬಳೆಯ ಮೇಲೆ ಬೆರಳಾಡಿಸಿದ. ತಿಂಗಳುಗಟ್ಟಲೆ ಬಿಗಿದಿದ್ದು ಎಲ್ಲಿಗೆ ಹೋಯಿತೆಂದು ಅವನಿಗೆ ಆಗ ಕಣ್ಣಿಗೇ ಕಂಡಿತು. ಸರಪಳಿ ಜಿಗಿದಾಗಲೆಲ್ಲ ಕ್ಲಚ್ಚಿಗೆ ಏಟು, ಏಟಿಗೆ ಜಾರಿಕೆ, ಜಾರಿಕೆಗೆ ಸವೆತ. ಒಂದು ರೋಗ ಇನ್ನೊಂದನ್ನು ಹೆತ್ತಿತ್ತು. ಕ್ಲಚ್ಚನ್ನಷ್ಟೇ ರಿಪೇರಿ ಮಾಡಿ ಕಳಿಸಿದ್ದರೆ ಮುಂದಿನ ಸೀಜನ್ನಿಗೆ ಅದೇ ಗೋಣಿಚೀಲ ಮತ್ತೆ ಖಾನಾಪುರ ರಸ್ತೆ ಹಿಡಿಯುತ್ತಿತ್ತು.

“ಇನ್ನೊಂದು ಕೇಳ್ತೀನಿ, ಖರೇ ಹೇಳು. ದೋಣಿ ಮುಂದ ಎಳಿಯಾಕೂ ಇದನ್ನ ಬಳಸ್ತೀರೇನು?”

ಬಳಸುತ್ತಿದ್ದರು. ಹೆಚ್ಚಿನವರು ಬಳಸುತ್ತಾರೆ. ಲಂಗರು ನೆಲದಲ್ಲಿ ಕಚ್ಚಿಕೊಂಡಿರುವಾಗ ಸ್ವಿಚ್ ಒತ್ತಿ ಹಿಡಿದರೆ, ಯಂತ್ರ ಇಡೀ ದೋಣಿಯನ್ನು ಗಾಳಿಗೂ ಸೆಳೆತಕ್ಕೂ ಎದುರಾಗಿ ಎಳೆಯಬೇಕಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಇದರ ಅನ್ಯಾಯ ತಿಳಿಯುತ್ತದೆ. 10 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 2.3 ಕಿಲೋ ತೂಗುತ್ತದೆ. 8 ಮೀಟರ್ ಆಳದಲ್ಲಿ 20 ಕಿಲೋದ ಲಂಗರು ನೇರವಾಗಿ ತೂಗುತ್ತಿದ್ದರೆ ಎಲ್ಲ ಸೇರಿ 40 ಕಿಲೋ ಕೂಡ ಆಗದು. ಅದೇ ಗಾಳಿಗೆ ಸಿಕ್ಕ ದೋಣಿಯ ಎಳೆತ ಬೇರೆ ಮಾತು. ಅಮೆರಿಕದ ದೋಣಿ ಮಾನದಂಡ ಸಂಸ್ಥೆಯ ಕೋಷ್ಟಕ 40 ಅಡಿಯ ದೋಣಿಗೆ 15 ನಾಟ್ ಗಾಳಿಯಲ್ಲಿ 300 ಪೌಂಡ್, 30 ನಾಟ್ ಗಾಳಿಯಲ್ಲಿ 1200 ಪೌಂಡ್ ಎಂದು ಹಿಡಿಯುತ್ತದೆ. ಗಾಳಿ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಸುಮಾರು 540 ಕಿಲೋದ ಆ ಎಳೆತವನ್ನು ಹೊರುವುದು ವಿಂಡ್‌ಲಾಸಿನ ಕೆಲಸವಲ್ಲ. ಎಂಜಿನ್ನನ್ನು ನಿಧಾನವಾಗಿ ಮುಂದೆ ನಡೆಸಿ ದೋಣಿಯನ್ನು ಲಂಗರಿನ ಮೇಲಕ್ಕೆ ತರಬೇಕು, ಯಂತ್ರ ಸಡಿಲಾದ ಸರಪಳಿಯನ್ನು ಸುತ್ತಿಕೊಳ್ಳಬೇಕು ಅಷ್ಟೇ. ದೋಣಿ ನಿಂತಿರುವಾಗಲೂ ಭಾರವನ್ನು ಕ್ಲಚ್ಚಿನ ಮೇಲೆ ಬಿಡಬಾರದು. ಸರಪಳಿಗೆ ಅಡ್ಡ ಬೀಳುವ ಸ್ಟಾಪರು ಹಾಕಿ, ಎಳೆದಷ್ಟು ಹಿಗ್ಗುವ ನೈಲಾನ್ ಹಗ್ಗವನ್ನು ಕೊಕ್ಕೆಯಿಂದ ಸರಪಳಿಗೆ ಸಿಕ್ಕಿಸಿ ದೋಣಿಯ ಗಟ್ಟಿ ಗೂಟಕ್ಕೆ ಕಟ್ಟಬೇಕು.

ಸರಪಳಿಯ ಮೇಲೆ ಭಾರ ಬಿಟ್ಟು ಮರೆತರೆ ಏನಾಗುತ್ತದೆಂದು ಹೇಳಲು ಹಿರಿಯರು ಸಮುದ್ರದ ಉದಾಹರಣೆ ಹುಡುಕಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರನ್ನು ಉಳಿದ ಗೇಟುಗಳಿಂದಲೂ ಹೊರಬಿಟ್ಟು ಒತ್ತಡ ಇಳಿಸಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ಗಳನ್ನು ಇಳಿಸಿ ಒಂದು ವಾರದಲ್ಲಿ ಆ ಕಿಂಡಿಯನ್ನು ಮುಚ್ಚಿದರು.

“ಅಲ್ಲಿ ಕೆಲಸ ಮಾಡಿದವರ ಕೈಗೆ ನಮಸ್ಕಾರ ಮಾಡಬೇಕು. ಆದ್ರ ನೀರಾಗ, ಹಸೀದಾಗ ಇರೂ ಚೈನನ್ನ ಕೊಂಡಿ ಕೊಂಡಿ ಕೈಯಾಗ ಹಿಡದು ನೋಡಬೇಕು. ದೂರಿಂದ ನೋಡಿದ್ರ ಎಲ್ಲಾ ಕೊಂಡೀನೂ ಒಂದ ಕಾಣತಾವು.”

ಕರೆಂಟಿನ ಮಾತು ಬೇಗ ಮುಗಿಯಿತು. ತಂತಿ ಸಣ್ಣದಾದರೆ ಯಂತ್ರ ನಿಧಾನವಾಗುತ್ತದೆ, ಬಿಸಿಯಾಗುತ್ತದೆ. ಅದು ಜಾರುವುದಲ್ಲ, ಬಸವಳಿಯುವುದು. 1000 ವಾಟಿನ ಮೋಟರು 12 ವೋಲ್ಟಿನಲ್ಲಿ 80 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಹೋಗಿ ಬರುವ ದಾರಿ ಸೇರಿ 20 ಮೀಟರ್ ತಾಮ್ರದ ತಂತಿ 16 ಚದರ ಮಿಲಿಮೀಟರಿನದಾದರೆ ದಾರಿಯಲ್ಲೇ ಒಂದೂಮುಕ್ಕಾಲು ವೋಲ್ಟ್ ಕಳೆದುಹೋಗುತ್ತದೆ, 35ರದ್ದಾದರೆ ಒಂದು ವೋಲ್ಟಿನೊಳಗೆ ಉಳಿಯುತ್ತದೆ. ಇವನ ದೋಣಿಯಲ್ಲಿ ತಂತಿ ದಪ್ಪದ್ದೇ ಇತ್ತು.

ಸರಪಳಿ ಬೀಳುವ ಪೆಟ್ಟಿಗೆಯ ಬಗ್ಗೆ ಕೇಳಿದಾಗ ಮಾತ್ರ ಹುಡುಗ ಚುರುಕಾದ. ಇದು ಅವನು ದಿನವೂ ಕಾಣುವ ಜಾಗ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಸರಪಳಿ ಹರಡಿಕೊಳ್ಳದೆ ಗುಡ್ಡೆಯಾಗಿ ಏರಿ ಕೊಳವೆಯ ಬಾಯಿಗೆ ತಾಗುತ್ತದೆ ಎಂದ. ಆಗ ಜಿಪ್ಸಿಯಿಂದ ಬಿಟ್ಟ ಸರಪಳಿಯನ್ನು ಕೆಳಗೆ ಎಳೆಯಲು ಭಾರವೇ ಇರುವುದಿಲ್ಲ, ಸರಿಯಾದ ಪಿಚ್ ಇದ್ದರೂ ಅದು ಗುಳಿಯಿಂದ ಏಳುತ್ತದೆ. ಒಂದಡಿಯಾದರೂ ನೇರ ಬೀಳುವ ಜಾಗ ಬೇಕು. ಈ ವಿಷಯದಲ್ಲಿ ಹಿರಿಯರು ಕೇಳುವವರಾದರು, ಹುಡುಗ ಹೇಳುವವನಾದ.

ಉಳಿದದ್ದು ಜಿಪ್ಸಿ. ಸರಪಳಿ ಹೊಸದು, ಉದ್ದವೂ ದುಬಾರಿಯೂ ಹೌದು, ಅದನ್ನು ಬಿಸಾಡುವಂತಿಲ್ಲ. ಅಂದರೆ ಗಾಲಿಯನ್ನೇ 30ರ ಪಿಚ್ಚಿಗೆ ಬದಲಿಸಬೇಕು. ಇಷ್ಟು ಫೌಂಡ್ರಿಗಳಿರುವ ಊರಿನಲ್ಲಿ ಎರಕ ಹೊಯ್ಯಿಸಿದರಾಗದೆ ಎಂದು ಹುಡುಗ ಕೇಳಿದ. ಯಾರಾದರೂ ಕೇಳುವ ಪ್ರಶ್ನೆಯೇ. ಹಿರಿಯರು ಬೇಡವೆಂದರು. ಇದೇ ಗಾಲಿಯನ್ನು ಮಾದರಿಯಾಗಿ ಮರಳಿನಲ್ಲಿ ಒತ್ತಿದರೆ ಸವೆದ ಗುಳಿಗಳೇ ಎರಕದಲ್ಲೂ ಬರುತ್ತವೆ. ಲೋಹ ಆರುವಾಗ ಕುಗ್ಗುತ್ತದೆ, ಬೀಡು ಕಬ್ಬಿಣ ಶೇಕಡಾ 1ರಷ್ಟು, ಕಂಚು ಅದಕ್ಕಿಂತ ಹೆಚ್ಚು. 28 ಇದ್ದದ್ದು ಇನ್ನೂ ಚಿಕ್ಕದಾಗುತ್ತದೆಯೇ ಹೊರತು 30 ಆಗದು. ಹೊಸ ಪ್ಯಾಟರ್ನ್ ಮಾಡಿಸಿ, ಕಂಚು ಹೊಯ್ಯಿಸಿ, ಗುಳಿಗಳನ್ನು ಮಷೀನಿನಲ್ಲಿ ಸರಿಪಡಿಸುವ ಖರ್ಚು ಒಂದೇ ಗಾಲಿಗೆ ತಾಳುವುದಿಲ್ಲ. ತಯಾರಕರು ಇದೇ ಯಂತ್ರಕ್ಕೆ 30ರ ಪಿಚ್ಚಿನ ಜಿಪ್ಸಿಯನ್ನೂ ಮಾರುತ್ತಾರೆಂದು ಕೈಪಿಡಿಯೇ ಹೇಳುತ್ತಿತ್ತು. ತನ್ನ ಕೈಗೆ ಬರಬಹುದಾದ ಕೆಲಸವನ್ನು ಬೇಡವೆನ್ನುವ ಈ ಪ್ರಾಮಾಣಿಕತೆ ಉದ್ಯಮಬಾಗಿನ ಹಳೆಯ ಟರ್ನರುಗಳಲ್ಲಿ ಇನ್ನೂ ಉಳಿದಿದೆ.

“ಕೋನ್ ಮಾತ್ರ ನಾ ಮಾಡಿಕೊಡ್ತೀನಿ. ಮುಖ ಅರ್ಧ ಮಿಲಿಮೀಟರ್ ತಗದ್ರ ಇಳಿಜಾರು ಮತ್ತ ಕೂಡತೈತಿ. ಹೊಸ ಜಿಪ್ಸಿ ಬಂದ ಮ್ಯಾಲ ಅದರ ಕುಳ್ಯಾಗ ನೀಲಿ ಹಚ್ಚಿ ಇನ್ನೊಮ್ಮೆ ನೋಡಬೇಕು. ಸರಿ ಕೂಡಲಿಲ್ಲ ಅಂದ್ರ ಕೋನೂ ಹೊಸಾದ ತರಿಸು.”

“ಕೂಡಿಸುವಾಗ ಏನೇನು ನೋಡ್ಕೋಬೇಕ್ರಿ?”

“ಬ್ರೇಕರ್ ಬಂದ್ ಮಾಡದ ಕವರಿಗೆ ಕೈ ಹಚ್ಚಬ್ಯಾಡ. ಲಂಗರು ನೀರಾಗ ಇದ್ರ ಸರಪಳಿ ಮೊದಲ ಗೂಟಕ್ಕ ಕಟ್ಟು, ಆಮ್ಯಾಗ ನಟ್ ಸಡಿಲು ಮಾಡು. ಗೆರಿ ಎಳದು ಖಾಲಿ ತಿರಗಿಸಿ ನೋಡು, ಆಮ್ಯಾಗ ಲಂಗರು ಅಷ್ಟ ಎತ್ತಿ ನೋಡು. ತಿರಗೂವಾಗ ಬಟ್ಟಿ, ಕೈ ಹತ್ರ ಒಯ್ಯಬ್ಯಾಡ.”

ಹುಡುಗ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡ. ಹಿರಿಯರು ಕೋನನ್ನು ಚಕ್ಕಿಗೆ ಕಟ್ಟಿ, ಡಯಲ್ ಇಟ್ಟು ಓಟ ನೋಡತೊಡಗಿದರು. ಕೆಲಸದ ನಡುವೆಯೇ ತಿರುಗಿ ಇನ್ನೊಂದು ಮಾತು ಹೇಳಿದರು.

“ಸರಪಳಿ ಪೆಟ್ಟಿಗಿ ಮುಚ್ಚಳದ ಒಳಗ ಬರದಿಡು. ಹತ್ತು ಮಿಲಿಮೀಟರ್, ಪಿಚ್ 30, ಜಿಪ್ಸಿ ನಂಬರ್ ಇಷ್ಟು ಅಂತ. ಮುಂದ ಸರಪಳಿ ತರಾವ ಯಾರಿರ್ತಾನೋ.”

“ಮಾರ್ಕರ್ ಪೆನ್ನಿನಾಗ ಬರದ್ರ ನಡದೀತೇನ್ರಿ?”

“ಉಪ್ಪಿಗೆ ತಡಿಯೂದಿಲ್ಲ. ಎಣ್ಣಿ ಬಣ್ಣದಾಗ ಬರಿ.”